ಫ್ಲೆಕ್ಸಿನಲ್ಲಿ ಹುಟ್ಟಿದ ತಂಗಿ

ನಮ್ಮಪ್ಪನಿಗೆ ನಾನೊಬ್ಬಳೇ ಮಗಳು. ಈ ಮಾತನ್ನು ಹೀಗೆ ಮೊದಲ ಸಾಲಿನಲ್ಲೇ ಘಂಟಾಘೋಷವಾಗಿ ಸಾರಬೇಕಾದ ಗತಿ ಮಂಡ್ಯ ಜಿಲ್ಲೆಯಲ್ಲಿ ಇನ್ನಾವ ಹೆಣ್ಣುಮಗಳಿಗೂ ಬಂದಿರಲಾರದು. ನನಗೆ ಅಕ್ಕ ಇಲ್ಲ, ತಂಗಿ ಇಲ್ಲ, ನಾನು ಅವಳಿಯೂ ಅಲ್ಲ. ನಮ್ಮಪ್ಪನಿಗೆ ಮಳವಳ್ಳಿಯಲ್ಲಿ ಇನ್ನೊಂದು ಸಂಸಾರ ಇಲ್ಲವೇ ಇಲ್ಲ. ಇಷ್ಟೆಲ್ಲ ರಗಳೆ ಹುಟ್ಟಿದ್ದು ನಾನು ಓದುತ್ತಿದ್ದ ಒಂದು ಡಿಗ್ರಿಯಿಂದ ಎಂದರೆ ನಂಬುವುದು ಕಷ್ಟ. ನಮ್ಮೂರು ಹೊಳಲಿನವರಂತೂ ಇವತ್ತಿಗೂ ನಂಬಿಲ್ಲ.

ನಾನು ಓದುತ್ತಿದ್ದುದು ಮಂಡ್ಯದ ಕಾಲೇಜೊಂದರಲ್ಲಿ, ಬಿಎಸ್ಸಿ ಕೊನೆಯ ವರ್ಷ. ಫಿಸಿಕ್ಸೂ ಕಂಪ್ಯೂಟರ್ ಸೈನ್ಸೂ ಜೊತೆಯಾಗಿರುವ ಡಿಗ್ರಿ. ವಿಷಯ ಎರಡು, ಡಿಗ್ರಿ ಒಂದು. ಒಂದು ತಟ್ಟೆಯಲ್ಲಿ ಮುದ್ದೆಯೂ ಸಾರೂ ಇದ್ದ ಮಾತ್ರಕ್ಕೆ ಯಾರೂ ಎರಡು ಊಟ ಮಾಡಿದೆ ಎನ್ನುವುದಿಲ್ಲ. ಇದಕ್ಕಿಂತ ಸರಳವಾಗಿ ವಿವರಿಸಲು ನನಗೆ ಬರುವುದಿಲ್ಲ. ಮೂರು ವರ್ಷ ವಿವರಿಸಿ ಸುಸ್ತಾಗಿದ್ದೇನೆ.

ಹಾಗೆಂದು ಈ ಜೋಡಿ ಓದು ಸುಖದ್ದೇನಲ್ಲ. ಫಿಸಿಕ್ಸ್ ಮೇಷ್ಟ್ರು ನನ್ನನ್ನು ಕಂಪ್ಯೂಟರಿನವಳು ಎನ್ನುತ್ತಿದ್ದರು, ಕಂಪ್ಯೂಟರ್ ಮೇಡಮ್ಮು ಫಿಸಿಕ್ಸಿನವಳು ಎನ್ನುತ್ತಿದ್ದರು. ಎರಡೂ ಲ್ಯಾಬುಗಳು ಬಂದು ಬೀಳುತ್ತಿದ್ದುದು ಒಂದೇ ಗುರುವಾರದ ಮಧ್ಯಾಹ್ನ. ಒಂದು ಕಡೆ ಕತ್ತಲೆ ಕೋಣೆಯಲ್ಲಿ ಸೋಡಿಯಂ ದೀಪದ ಮುಂದೆ ಒಂದು ಕಣ್ಣು ಮುಚ್ಚಿ ಕೂರಬೇಕು. ಇನ್ನೊಂದು ಕಡೆ, ತಪ್ಪಾಗಿದೆ ಎಂದಷ್ಟೇ ಹೇಳಿ ಎಲ್ಲಿ ತಪ್ಪಾಗಿದೆ ಎಂದು ಹೇಳದ ಕಂಪ್ಯೂಟರಿನ ಮುಂದೆ ಎರಡೂ ಕಣ್ಣು ಬಿಟ್ಟು ಕೂರಬೇಕು. ಊರಿಗೆ ಬಂದರೆ ಪಕ್ಕದ ಮನೆಯ ದೇವೀರಮ್ಮ ಸುಟ್ಟುಹೋದ ಮಿಕ್ಸಿ ಹಿಡಿದು ನಿಂತಿರುತ್ತಿದ್ದಳು. "ನೀನು ಕರೆಂಟ್ದೂ ಓದ್ತೀಯ, ಕಂಪೂಟ್ರುದೂ ಓದ್ತೀಯ. ಇದೊಂದ್ ಮಿಕ್ಸಿ ರಿಪೇರಿ ಮಾಡಕಾಗಕಿಲ್ವೇನವ್ವ?"

ಆದರೂ ನನಗೆ ಆ ಓದೆಂದರೆ ಪ್ರಾಣ. ಎರಡು ಸಣ್ಣ ಸೀಳುಗಳಲ್ಲಿ ಹಾದ ಬೆಳಕು ಗೋಡೆಯ ಮೇಲೆ ಪಟ್ಟೆ ಪಟ್ಟೆಯಾಗಿ ಬೀಳುವುದನ್ನು ಮಧ್ಯಾಹ್ನ ಲ್ಯಾಬಿನಲ್ಲಿ ನೋಡಿದ್ದೆ. ಅದೇ ಪಟ್ಟೆಗಳನ್ನು ಸಂಜೆ ನಾನೇ ಬರೆದ ಪ್ರೋಗ್ರಾಮು ಪರದೆಯ ಮೇಲೆ ಬಿಡಿಸಿ ತೋರಿಸಿದಾಗ ಖುಷಿಗೆ ಬಸ್ ಸ್ಟ್ಯಾಂಡು ದಾಟಿ ಎಲ್ಲಿಗೋ ನಡೆದುಹೋಗಿದ್ದೆ. ಅವತ್ತೇ ಮೈಸೂರಿಗೆ ಹೋಗಿ ಎಂಎಸ್ಸಿ ಮಾಡಬೇಕು ಎಂದು ತೀರ್ಮಾನಿಸಿದೆ. ಅದಕ್ಕೊಂದು ಪ್ರವೇಶ ಪರೀಕ್ಷೆ ಇತ್ತು. ಅದು ತಪ್ಪಿದರೆ ಒಂದು ವರ್ಷ ಮನೆ. ಒಂದು ವರ್ಷ ಮನೆಯಲ್ಲಿ ಕೂತ ಹೆಣ್ಣುಮಗಳನ್ನು ನಮ್ಮ ನೆಂಟರಿಷ್ಟರು ಆಮೇಲೆ ಕಾಲೇಜಿನ ಕಡೆ ತಲೆ ಹಾಕಲು ಬಿಡುವುದಿಲ್ಲ. ಅಪ್ಪನೂ ಒಪ್ಪಿದ್ದರು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು.

ನಮ್ಮಪ್ಪ ನಾಗರಾಜು ಹೊಳಲಿನ ಹಾಲಿನ ಡೇರಿಯ ಕಾರ್ಯದರ್ಶಿ. ಯಾರ ಹಾಲಿಗೆ ಎಷ್ಟು ನೀರು ಬೆರೆತಿದೆ ಎಂದು ಕ್ಯಾನಿನ ಮುಚ್ಚಳ ತೆಗೆದ ಕೂಡಲೇ ಹೇಳಬಲ್ಲವರು. ತಮ್ಮ ಮಾತಿಗೆ ಎಷ್ಟು ನೀರು ಬೆರೆಯುತ್ತಿದೆ ಎಂಬುದು ಮಾತ್ರ ಅವರಿಗೆ ತಿಳಿಯುವುದಿಲ್ಲ.

ಮೊದಲ ನೀರು ಬಿದ್ದದ್ದು ಮದ್ದೂರಿನ ಒಂದು ಬೀಗರೂಟದಲ್ಲಿ. ಮದುವೆಗೆ ಬಾರದವರೂ ಬೀಗರೂಟಕ್ಕೆ ಬರುತ್ತಾರಾದ್ದರಿಂದ ಪಂಕ್ತಿ ತುಂಬಿ ತುಳುಕುತ್ತಿತ್ತು. ಅಪ್ಪನ ಪಕ್ಕದಲ್ಲಿ ಕೂತವರು ಮದ್ದೂರಿನ ರಘುನಂದನ್ ದೊಡ್ಡಪ್ಪ, ಅಪ್ಪನ ದಾಯಾದಿ ಅಣ್ಣ. ಎದುರು ಸಾಲಿನಲ್ಲಿ ನಾನೂ ಅಮ್ಮನೂ ಕೂತಿದ್ದೆವು.

"ಏನ್ಲಾ ನಾಗ, ನಿನ್ ಮಗ್ಳು ಎಂಥದೋ ಬಿಎಸ್ಸಿಯಂತೆ?" ಎಂದರು ದೊಡ್ಡಪ್ಪ, ಮುದ್ದೆ ಮುರಿಯುತ್ತಾ. "ನಮ್ ಹುಡ್ಗ ಇಂಜಿನಿಯರಿಂಗು ಕಣ್ಲಾ. ಕಂಪೂಟ್ರು ಸೀಟೇ ಸಿಕ್ಕದೆ."

ಅಪ್ಪನ ಕಿವಿ ಕೆಂಪಾಯಿತು. "ಇಂಜಿನಿಯರಿಂಗಲ್ಲಿ ಬರೀ ಒಂದೇ ಅಲ್ವಾ ರಘಣ್ಣ ಓದದು? ನಮ್ಮೋಳು ಎರಡು ಓದ್ತಾವ್ಳೆ. ಫಿಸಿಕ್ಸೂ ಕಂಪೂಟ್ರೂ, ಎರಡೂ ಒಟ್ಟಿಗೆ."

"ಎರಡು ಡಿಗ್ರೀನಾ? ಒಬ್ಳೇನಾ?"

ಅಪ್ಪನ ಬಾಯಲ್ಲಿ ಆಗ ಒಂದು ಮಟನ್ ತುಂಡಿತ್ತು. ಅದನ್ನು ನುಂಗಿ 'ಇಲ್ಲ, ಡಿಗ್ರಿ ಒಂದೇ' ಎಂದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ತುಂಡನ್ನು ನಿಧಾನವಾಗಿ ಅಗಿಯುತ್ತಾ, ದೊಡ್ಡ ಮನುಷ್ಯರಂತೆ ಕಣ್ಣು ಅರ್ಧ ಮುಚ್ಚಿ ತಲೆಯಾಡಿಸಿದರು. ನಾನು "ಅಪ್ಪ, ಒಂದೇ..." ಎಂದು ಬಾಯಿ ತೆರೆದೆ. ಅಮ್ಮ ನನ್ನ ತೊಡೆ ಚಿವುಟಿ, "ಸುಮ್ನೆ ಉಣ್ಣು. ಗಂಡಸ್ರ ಪಂಕ್ತಿಲಿ ನಿಂಗೇನ್ ಕೆಲ್ಸ?" ಎಂದಳು.

ಮುಂದಿನ ತಿಂಗಳು ನಮ್ಮ ಜನಾಂಗದ ಸಂಘದವರು ಮಂಡ್ಯದಲ್ಲಿ ಪ್ರತಿಭಾ ಪುರಸ್ಕಾರ ಇಟ್ಟುಕೊಂಡರು. ಓದುವ ಮಕ್ಕಳ ಫೋಟೊಗಳನ್ನೆಲ್ಲ ಸೇರಿಸಿ ಒಂದು ಫ್ಲೆಕ್ಸ್ ಮಾಡಿಸುವುದು ಪದ್ಧತಿ. ಪುರಸ್ಕಾರ ಇಲ್ಲದಿದ್ದರೂ ನಡೆದೀತು, ಫ್ಲೆಕ್ಸ್ ಇಲ್ಲದಿದ್ದರೆ ಮಂಡ್ಯದಲ್ಲಿ ಏನೂ ನಡೆದಂತೆ ಆಗುವುದಿಲ್ಲ. ಫೋಟೊ, ಹೆಸರು, ಓದುತ್ತಿರುವ ವಿಷಯವನ್ನು ಫ್ಲೆಕ್ಸ್ ಅಂಗಡಿಯವನ ವಾಟ್ಸಾಪಿಗೆ ಕಳಿಸಿ ಎಂದು ಸಂದೇಶ ಬಂತು. ಅಪ್ಪ ನನ್ನದೊಂದು ಪಾಸ್‌ಪೋರ್ಟ್ ಫೋಟೊ ಕಳಿಸಿ, ಕೆಳಗೆ 'ಗಗನ ಎನ್., ಫಿಸಿಕ್ಸ್' ಎಂದು ಬರೆದರು. ಕಳಿಸಿ ಚಹಾ ಕುಡಿದ ಮೇಲೆ ಅವರಿಗೆ ಸಂಕಟವಾಯಿತು. ಕಂಪ್ಯೂಟರು ಬಿಟ್ಟುಹೋಯಿತಲ್ಲ! ರಘಣ್ಣ ನೋಡಿದರೆ ಏನಂದಾನು? ಬರಿಯ ವಿಷಯವನ್ನಷ್ಟೇ ಕಳಿಸಿದರೆ ಅಂಗಡಿಯವನಿಗೆ ಯಾರದೆಂದು ಗೊತ್ತಾಗಬೇಡವೇ? ಆದ್ದರಿಂದ ಅವರು ಕಾಲೇಜ್ ಡೇ ದಿನ ನಾನು ಕನ್ನಡಕ ತೆಗೆದು, ಸೀರೆ ಉಟ್ಟು ತೆಗೆಸಿಕೊಂಡ ಇನ್ನೊಂದು ಫೋಟೊ ಹುಡುಕಿ, 'ಕಂಪ್ಯೂಟರ್ ಸೈನ್ಸ್ ಸಹ' ಎಂದು ಕಳಿಸಿದರು. ಎರಡು ವಿಷಯ, ಎರಡು ಫೋಟೊ. ಇದರಲ್ಲಿ ಏನು ತಪ್ಪು ಎಂದು ಅವರು ಇವತ್ತಿಗೂ ಕೇಳುತ್ತಾರೆ.

ಫ್ಲೆಕ್ಸಿನವನು ಬುದ್ಧಿವಂತ. ಮೊದಲ ಫೋಟೊದ ಕೆಳಗೆ 'ಕು. ಗಗನ ಎನ್., ಭೌತಶಾಸ್ತ್ರ' ಎಂದು ಹಾಕಿದ. ಎರಡನೆಯದಕ್ಕೆ ಹೆಸರಿಲ್ಲ, ಆದರೆ ಮುಖ ಅದೇ ಥರ ಇದೆ. ಅವನು ತಲೆ ಓಡಿಸಿ, 'ಹಾಗೂ ಇವರ ಅವಳಿ ಸಹೋದರಿ, ಕಂಪ್ಯೂಟರ್ ಸೈನ್ಸ್' ಎಂದು ಹಾಕಿದ. ಅವನು ತಪ್ಪಿಗೆ ಹೆದರುವವನಲ್ಲ. ಕೆಳಗೆ ತನ್ನ ಅಂಗಡಿಯ ಫೋನ್ ನಂಬರನ್ನೂ ದಪ್ಪಕ್ಷರದಲ್ಲಿ ಹಾಕಿದ್ದ.

ಸಮಾರಂಭದ ದಿನ ನನಗೆ ಇಂಟರ್ನಲ್ ಪರೀಕ್ಷೆ. ಅಪ್ಪ ಒಬ್ಬರೇ ಹೋಗಿದ್ದರು. ವೇದಿಕೆಯಿಂದ "ನಾಗರಾಜು ಅವರ ಅವಳಿ ಹೆಣ್ಣುಮಕ್ಕಳ ಪರವಾಗಿ ಅವರ ತಂದೆಯವರು" ಎಂದು ಕೂಗಿದಾಗ ಸಭೆಯೆಲ್ಲ ಚಪ್ಪಾಳೆ ತಟ್ಟಿತಂತೆ. ಮೊದಲ ಸಾಲಿನಲ್ಲಿದ್ದ ರಘುನಂದನ್ ದೊಡ್ಡಪ್ಪ ಮಾತ್ರ ತಟ್ಟಲಿಲ್ಲವಂತೆ. ಅದೊಂದನ್ನು ನೋಡಿದ ಮೇಲೆ ಅಪ್ಪನ ಕಾಲು ತಾನಾಗಿಯೇ ವೇದಿಕೆ ಹತ್ತಿತು. ಸಂಜೆ ಎರಡು ಶಾಲು, ಎರಡು ಸ್ಮರಣಿಕೆ ಹಿಡಿದು ಮನೆಗೆ ಬಂದರು. ಅಮ್ಮ ಸ್ಮರಣಿಕೆ ಎರಡನ್ನೂ ಫ್ರಿಜ್ಜಿನ ಮೇಲೆ ಇಟ್ಟು, "ಇನ್ನೊಬ್ಳು ಬಂದ್ರೆ ಕೊಡಾನ," ಎಂದು ಅಡುಗೆಮನೆಗೆ ಹೋದಳು.

ಫ್ಲೆಕ್ಸನ್ನು ಮಂಡ್ಯದ ಸರ್ಕಲ್ಲಿನಲ್ಲಿ ಕಟ್ಟಿದ್ದರು. ಅದರ ಚಿಕ್ಕ ತಮ್ಮನೊಬ್ಬನನ್ನು ಹೊಳಲಿನ ಬಸ್ ಸ್ಟಾಪಿನಲ್ಲೂ ಕಟ್ಟಿಬಿಟ್ಟರು. ನಮ್ಮೂರಿನವರಿಗೆ ನಾನೊಬ್ಬಳೇ ಎಂದು ಗೊತ್ತು. ಗೊತ್ತಿದ್ದರಿಂದಲೇ ಕೆಟ್ಟಿತು.

ರಘುನಂದನ್ ದೊಡ್ಡಪ್ಪ ಮದ್ದೂರಿನಿಂದ ಇಲ್ಲಿಯವರೆಗೆ ಸಿಕ್ಕಸಿಕ್ಕವರಿಗೆಲ್ಲ ಲೆಕ್ಕ ಬಿಡಿಸಿ ಹೇಳಿದ್ದರು. "ಅಲ್ಲ ಕಣ್ರಯ್ಯ, ಒಬ್ಳು ಎರಡು ಡಿಗ್ರಿ ಓದಕಾಯ್ತದಾ? ಬೀಗರೂಟದಲ್ಲೇ ನಂಗೆ ಅನುಮಾನ ಬಂತು. ಇಬ್ರವ್ರೆ, ತಲೆಗೊಂದು ಡಿಗ್ರಿ. ಒಬ್ಳು ಹೊಳಲಲ್ಲಿ ಅವ್ಳೆ. ಇನ್ನೊಬ್ಳು ಎಲ್ಲವ್ಳೆ? ಡೇರಿ ಮೀಟಿಂಗು ಡೇರಿ ಮೀಟಿಂಗು ಅಂತ ಈ ನಾಗ ಮಳವಳ್ಳಿಗೆ ಓಯ್ತಿದ್ನಲ್ಲ, ಅದ್ಯಾಕೆ?"

ಹಿಂದೊಮ್ಮೆ ಅಪ್ಪ ಮಳವಳ್ಳಿಗೆ ಹೋಗಿದ್ದು ನಿಜ. ಡೇರಿಯ ಮೀಟಿಂಗಿಗೇ ಹೋಗಿದ್ದರು. ಅದಕ್ಕೆ ಸಾಕ್ಷಿಯಾಗಿ ಯಾರೂ ಫ್ಲೆಕ್ಸ್ ಹಾಕಿಸಿರಲಿಲ್ಲ.

ಮರುದಿನ ದೇವೀರಮ್ಮ ಬಟ್ಟಲ ತುಂಬ ಹಿತಕಿದ ಅವರೆಬೇಳೆ ಹಿಡಿದು ಬಂದಳು. ಸಾವಾದ ಮನೆಗೆ ಬರುವವರ ಮುಖ ಮಾಡಿಕೊಂಡು ಅಮ್ಮನ ಕೈ ಹಿಡಿದಳು. "ಎದೆಗುಂದಬ್ಯಾಡ ಕಣ್ ಯಶೋದಮ್ಮ. ಗಂಡಸ್ರ ಜಾತಿನೇ ಅಂಗೆ. ಆದ್ರೂ ಯೋಳ್ತೀನಿ, ಆ ಮಗೀಗೂ ನಾಗರಾಜಣ್ಣಂದೇ ಮೂಗು. ಅಚ್ಚು ಒತ್ತಿದಂಗದೆ."

"ದೇವೀರಮ್ಮ, ಎರಡೂ ಫೋಟೊ ನಮ್ ಗಗನಂದೇ ಕಣೇ," ಎಂದಳು ಅಮ್ಮ.

ದೇವೀರಮ್ಮನ ಕಣ್ಣು ತುಂಬಿ ಬಂತು. "ಎಂಥ ದೊಡ್ ಮನ್ಸವ್ವ ನಿಂದು! ಅವಳ್ನೂ ನಮ್ ಗಗನಾನೇ ಅಂತಿದ್ದೀಯಲ್ಲ!"

ಅಮ್ಮ ಅವರೆಬೇಳೆ ಇಟ್ಟುಕೊಂಡು ಬಟ್ಟಲು ವಾಪಸು ಕೊಟ್ಟಳು. ಇನ್ನೇನು ಮಾಡುತ್ತಾಳೆ?

ಎರಡು ದಿನ ಬಿಟ್ಟು ವಿಲೇಜ್ ಅಕೌಂಟೆಂಟರು ಬಂದರು. ಅಪ್ಪ ಜಮೀನಿನ ಖಾತೆಗಾಗಿ ಅರ್ಜಿ ಕೊಟ್ಟು, ಜೊತೆಗೆ ವಂಶವೃಕ್ಷ ಇಟ್ಟಿದ್ದರು. "ನಾಗರಾಜು ಅವ್ರೇ, ವಂಶವೃಕ್ಷದಲ್ಲಿ ಒಂದೇ ಕೊಂಬೆ ಬರೆಸಿದ್ದೀರಿ. ಫ್ಲೆಕ್ಸಲ್ಲಿ ಎರಡಿದೆ. ನಾಳೆ ಆ ಮಗಳು ಬಂದು ಪಾಲು ಕೇಳಿದ್ರೆ ನಾನು ಉತ್ತರ ಕೊಡಬೇಕು."

"ಸಾ, ಆ ಮಗ್ಳು ಹುಟ್ಟೇ ಇಲ್ಲ."

"ಹುಟ್ಟಿಲ್ಲ ಅಂದ್ರೆ ಹುಟ್ಟಿಲ್ಲ ಅಂತ ಅಫಿಡವಿಟ್ ಮಾಡ್ಸಿ. ಅವಳ ಒಪ್ಪಿಗೆ ಸಹಿ ಇದ್ರೆ ಇನ್ನೂ ಒಳ್ಳೇದು."

ಇದರ ಬೆನ್ನಿಗೇ ಕೊಕ್ಕರೆ ಬೆಳ್ಳೂರಿನಿಂದ ನನ್ನ ಅಜ್ಜಿ ಹೊಂಬಾಳಮ್ಮ, ಅಂದರೆ ಅಮ್ಮನ ತಾಯಿ, ಮಗಳನ್ನು ತವರಿಗೆ ಕರೆದೊಯ್ಯಲು ಬ್ಯಾಗಿನ ಸಮೇತ ಬಂದಿಳಿದರು. ಜಗಲಿಯ ಮೇಲೆ ನಿಂತೇ ಅಳಿಯನಿಗೆ ಶುರುಮಾಡಿದರು. "ನಮ್ಮೂರ ಉಣಿಸೆ ಮರಕ್ಕೆ ಬರೋ ಕೊಕ್ಕರೇನೂ ವರ್ಸ ವರ್ಸ ಅದೇ ಗೂಡಿಗೆ ಬತ್ತದೆ ಅಳಿಮಯ್ಯ. ನಿಂಗೇನ್ ಬಂದಿತ್ತು ದೊಡ್ಡ ರೋಗ?"

ಅಮ್ಮ ಅವರನ್ನು ಒಳಗೆ ಕರೆದು ನಿಜ ಹೇಳಲು ಅರ್ಧ ಗಂಟೆ ಬೇಕಾಯಿತು. ಕೊನೆಗೆ ನಂಬಿದರು. ನಂಬಿ ಸ್ವಲ್ಪ ನಿರಾಶರೂ ಆದರು. ಬ್ಯಾಗು ಬಿಚ್ಚಿ, "ಬಂದಿದ್ದಾಯ್ತು, ಒಂದ್ ವಾರ ಇದ್ದು ಓಯ್ತೀನಿ," ಎಂದರು.

ಇಷ್ಟರಲ್ಲಿ ನಿಲ್ಲಬಹುದಿತ್ತು. ನಿಲ್ಲಲಿಲ್ಲ, ಏಕೆಂದರೆ ಫ್ಲೆಕ್ಸಿನ ಕೆಳಗೆ ಫೋನ್ ನಂಬರಿತ್ತು.

ಬೆಳಿಗ್ಗೆ ಡೇರಿಯಲ್ಲಿ ಅಪ್ಪ ಹಾಲು ಅಳೆಯುತ್ತಿದ್ದರು, ನಾನು ಕಂಪ್ಯೂಟರಿಗೆ ಲೀಟರು, ಫ್ಯಾಟು ತುಂಬಿಸುತ್ತಿದ್ದೆ. ಹೆಂಗಸರ ಸಾಲು ಬಾಗಿಲ ತನಕ ಇತ್ತು. ಅಪ್ಪನ ಫೋನು ಹೊಡೆದುಕೊಂಡಿತು. ಕೈಯೆಲ್ಲ ಹಾಲಾಗಿದ್ದರಿಂದ ಮೊಣಕೈಯಲ್ಲಿ ಒತ್ತಿ ಸ್ಪೀಕರ್ ಹಾಕಿದರು.

"ನಮಸ್ಕಾರ, ನಾನು ಬ್ಲಫ್‌ನಿಂದ ಮಹದೇವು ಅಂತ. ಬ್ಲಫ್ ಅಂದ್ರೆ ಜಲಪಾತದ ಪಕ್ಕದ ಊರು, ಇಲ್ಲೇ ಕರೆಂಟ್ ತೆಗ್ಯೋ ಪವರ್ ಹೌಸಲ್ಲಿ ಕೆಲ್ಸ. ನಿಮ್ ನಂಬ್ರು ಫ್ಲೆಕ್ಸ್ ಅಂಗಡಿಯೋರು ಕೊಟ್ರು. ನಂಗೆ ಇಬ್ರು ಗಂಡ್ಮಕ್ಳು, ಇಬ್ರಿಗೂ ಕೆಲ್ಸ ಅದೆ. ನಿಮ್ ಅವಳಿ ಮಕ್ಳನ್ನ ಒಂದೇ ಮನೆಗೆ ಕೊಟ್ರೆ ಒಂದೇ ಚಪ್ಪರ, ಒಂದೇ ಬೀಗರೂಟ. ಏನಂತೀರಿ?"

ಅಪ್ಪ ಸಾಲಿನ ಕಡೆ ನೋಡಿದರು. ಸಾಲು ಅಪ್ಪನ ಕಡೆ ನೋಡುತ್ತಿತ್ತು. "ಅಣ್ಣ, ನಂಗೆ ಇರೋದು ಒಬ್ಳೇ..." ಎಂದು ಅವರು ಆರಂಭಿಸಿದ್ದೇ ತಡ, ದೇವೀರಮ್ಮ ಕ್ಯಾನು ಕುಕ್ಕಿದಳು. "ಎಲ್ಲಾರ ಮುಂದೆ ಹೆತ್ತ ಮಗೀನ ಇಲ್ಲ ಅಂತೀಯಲ್ಲ ನಾಗರಾಜಣ್ಣ, ನಿನ್ ನಾಲ್ಗೆ ಎಂಗೆ ಬತ್ತದೆ?" ಹಿಂದಿನವರೆಲ್ಲ ಹೂಂಗುಟ್ಟಿದರು.

ಅಪ್ಪ ಬೆವರಿದರು. "ಅಲ್ಲಣ್ಣ, ಒಬ್ಳೇ ಇದ್ದಾಳೆ ಸದ್ಯಕ್ಕೆ ಮನೇಲಿ ಅಂದೆ," ಎಂದರು.

"ದೊಡ್ಡೋಳ ಹೆಸ್ರು ಗಗನ ಅಂತ ಫ್ಲೆಕ್ಸಲ್ಲೇ ಅದೆ. ಇನ್ನೊಬ್ಳ ಹೆಸ್ರು?"

ಅಪ್ಪನ ಕಣ್ಣು ಡೇರಿಯ ಗೋಡೆಯನ್ನೆಲ್ಲ ಸುತ್ತಿತು. ದೇವರ ಪಟದ ಕೆಳಗೆ ಊದುಬತ್ತಿಯ ಪೊಟ್ಟಣವಿತ್ತು. ಅದರ ಮೇಲೆ ಚಂದನದ ಮರದ ಚಿತ್ರ. "ಚಂದನ," ಎಂದರು ಅಪ್ಪ. ಹೀಗೆ ನನ್ನ ತಂಗಿಗೆ ನಾಮಕರಣವೂ ಆಯಿತು.

"ಭಾನುವಾರ ಬೆಳಿಗ್ಗೆ ಎಂಟಕ್ಕೆಲ್ಲ ಬತ್ತೀವಿ," ಎಂದು ಮಹದೇವು ಫೋನಿಟ್ಟರು. ನನ್ನ ಪ್ರವೇಶ ಪರೀಕ್ಷೆ ಅದೇ ಭಾನುವಾರ. ಮೈಸೂರಿನಲ್ಲಿ ಹನ್ನೊಂದಕ್ಕೆ. ಹತ್ತೂವರೆಗೆ ಗೇಟು ಮುಚ್ಚುತ್ತಾರೆ.

ಮನೆಯಲ್ಲಿ ನಾನು ಕೂಗಾಡಿದೆ. ತಿಳಿದವರಂತೆ ಶಾಂತವಾಗಿ ಮಾತಾಡಿದೆ ಎಂದು ಬರೆದರೆ ಸುಳ್ಳಾಗುತ್ತದೆ. "ಅಪ್ಪ, ಈಗ್ಲೇ ಫೋನ್ ಮಾಡಿ ನಿಜ ಹೇಳು!"

"ಯೋಳ್ತೀನಿ ಕಣ್ ಮಗ. ಆದ್ರೆ ಎಲ್ಲಿಂದ ಸುರು ಮಾಡದು? ಒಬ್ಳೇ ಅಂದ್ರೆ ಶಾಲು ಎರಡ್ಯಾಕೆ ಇಸ್ಕೊಂಡೆ ಅಂತಾರೆ. ಶಾಲಿನ್ ವಿಷ್ಯ ಬಂದ್ರೆ ಡಿಗ್ರಿ ವಿಷ್ಯ ಬತ್ತದೆ. ಡಿಗ್ರಿ ವಿಷ್ಯ ರಘಣ್ಣನ ಕಿವಿಗೆ ಬೀಳ್ತದೆ." ಜಗತ್ತು ಮುಳುಗಿದರೂ ಚಿಂತೆಯಿಲ್ಲ, ರಘಣ್ಣನ ಕಿವಿ ಮಾತ್ರ ಒಣಗಿರಬೇಕು! "ಎಂಟಕ್ಕೆ ಬತ್ತಾರೆ, ಕಾಫಿ ಕುಡೀತಾರೆ, ಒಂಬತ್ತಕ್ಕೆ ಓಯ್ತಾರೆ. ಜಾತಕ ಕೂಡ್ನಿಲ್ಲ ಅಂತ ಆಮೇಲೆ ಅಂದ್ಬುಡ್ತೀನಿ. ಒಂಬತ್ತಕ್ಕೆ ನಾನೇ ಗಾಡೀಲಿ ನಿನ್ನ ಮೈಸೂರಿಗೆ ಕರ್ಕೊಂಡ್ ಓಯ್ತೀನಿ. ನಮ್ಮಪ್ಪನಾಣೆ."

"ಇಬ್ಬರನ್ನ ನೋಡೋಕೆ ಬರ್ತಾರಲ್ಲ, ಇನ್ನೊಬ್ಬಳನ್ನ ಎಲ್ಲಿಂದ ತರ್ತೀಯ?"

ಅಪ್ಪ ತಲೆ ಕೆರೆದುಕೊಂಡರು. ಉತ್ತರ ಕೊಟ್ಟವರು ಅಜ್ಜಿ. "ಫೋಟೊದಲ್ಲಿ ಎರಡು ಸಲ ಬಂದೋಳು ನಡುಮನೆಗೆ ಎರಡು ಸಲ ಬರಕಾಗಕಿಲ್ವಾ? ಒಂದ್ ಕಿತ ಕನ್ನಡ್ಕ ಆಕ್ಕೊ, ಒಂದ್ ಕಿತ ತಗಿ."

ಪರೀಕ್ಷೆಗೆ ಹೋಗಬೇಕೆಂಬ ಆಸೆಗೆ ನಾನು ಒಪ್ಪಿದೆ. ಮೂರು ವರ್ಷ ಎರಡು ವಿಭಾಗಗಳ ನಡುವೆ ಓಡಾಡಿದವಳಿಗೆ ನಡುಮನೆ, ಅಡುಗೆಮನೆ ಯಾವ ಲೆಕ್ಕ ಎಂದುಕೊಂಡೆ.

ಭಾನುವಾರ ಹನ್ನೆರಡು ಸೀಟಿನ ಟಿಟಿ ಗಾಡಿಯಲ್ಲಿ ಬ್ಲಫ್‌ನವರು ಬಂದಿಳಿದರು. ಮಹದೇವು, ಅವರ ತಾಯಿ ಬೆಳ್ಳಮ್ಮ, ಇಬ್ಬರು ವರಗಳು, ಜೊತೆಗೆ ನೆಂಟರು. ಕರೆಯದಿದ್ದರೂ ರಘುನಂದನ್ ದೊಡ್ಡಪ್ಪ ಮದ್ದೂರಿನಿಂದ ಏಳಕ್ಕೇ ಬಂದು ಒಳ್ಳೆಯ ಕುರ್ಚಿ ಹಿಡಿದಿದ್ದರು. ಮಳವಳ್ಳಿಯ ಮಗಳು ಇವತ್ತು ಬರುತ್ತಾಳೆ ಎಂದು ಊರಿನ ಅರ್ಧ ಜನ ನಮ್ಮ ಕಿಟಕಿಗಳಿಗೆ ಜೋತುಬಿದ್ದಿದ್ದರು. ಮುಂದುಗಡೆ ದೇವೀರಮ್ಮ.

ಮೊದಲು ಹಸಿರು ಸೀರೆ ಉಟ್ಟು, ಕನ್ನಡಕ ಹಾಕಿಕೊಂಡು ಕಾಫಿ ತಂದೆ. "ಇವ್ಳು ಗಗನ," ಎಂದರು ಅಪ್ಪ. ದೊಡ್ಡ ವರ ಕಾಫಿ ತೆಗೆದುಕೊಂಡ. ಒಳಗೆ ಓಡಿದೆ. ಅಜ್ಜಿ ಸೀರೆ ಎಳೆದರು, ಅಮ್ಮ ಚೂಡಿದಾರ್ ತೊಡಿಸಿದಳು, ಜಡೆಯನ್ನು ಬಿಚ್ಚಿ ಕ್ಲಿಪ್ ಹಾಕಿದರು, ಕನ್ನಡಕ ಕಿತ್ತುಕೊಂಡರು. ಚಕ್ಕುಲಿಯ ತಟ್ಟೆ ಹಿಡಿದು ಹೊರಬಂದೆ. "ಇವ್ಳು ಚಂದನ," ಎಂದರು ಅಪ್ಪ. ಕಣ್ಣು ಮಂಜು ಮಂಜು. ಚಿಕ್ಕ ವರನಿಗೆ ಕೊಡಬೇಕಾದ ಚಕ್ಕುಲಿಯನ್ನು ರಘುನಂದನ್ ದೊಡ್ಡಪ್ಪನಿಗೆ ಕೊಟ್ಟು, ಟೀಪಾಯಿಗೆ ಎಡವಿ, ಒಳಗೆ ಹೋದೆ. ಕಿಟಕಿಯಲ್ಲಿ ದೇವೀರಮ್ಮ ಬೆರಗಾಗಿ, "ನೋಡಿದ್ರಾ, ಅದೇ ನಡಿಗೆ!" ಎಂದಳು.

ಗಂಟೆ ಒಂಬತ್ತಾಗುತ್ತಾ ಬಂದಿತ್ತು. ನಾನು ಹಾಲ್ ಟಿಕೆಟ್ ಕೈಯಲ್ಲಿ ಹಿಡಿದು ಹಿತ್ತಲ ಬಾಗಿಲ ಬಳಿ ನಿಂತಿದ್ದೆ. ಆಗ ಹೊರಗೆ ಬೆಳ್ಳಮ್ಮನ ದನಿ ಕೇಳಿಸಿತು. "ಮಕ್ಳು ಲಕ್ಸಣವಾಗವ್ರೆ. ಇಬ್ರನ್ನೂ ಒಟ್ಗೆ ಕರೀರಪ್ಪ, ಪಕ್ಕದಲ್ಲಿ ಕುಂಡ್ರಿಸಿ ಒಂದ್ ಫೋಟೊ ತಕ್ಕತೀವಿ."

ಹೊರಗೆ ಅಪ್ಪ ಎರಡು ಸಲ ಕೆಮ್ಮಿದರು. ಅಪ್ಪ ಯೋಚಿಸುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಅವರು ಯೋಚಿಸಿದಾಗಲೆಲ್ಲ ನನಗೆ ಕೆಡುಕಾಗಿದೆ.

"ಚಂದನಂಗೆ ಮೈಸೂರಲ್ಲಿ ಪರೀಕ್ಷೆ ಅದೆ ಕಣವ್ವ," ಎಂದರು ಅಪ್ಪ. "ಎಂಎಸ್ಸಿದು. ತಡ ಆಯ್ತದೆ ಅಂತ ಹಿತ್ಲು ಬಾಗಿಲಿಂದ ಈಗ ಹೋದ್ಲು. ಗಗನ ಅವ್ಳೆ, ಕುಂತ್ಕತಾಳೆ. ಲೇ ಗಗನಾ, ಬಾವ್ವ!"

ನನಗೆ ಹೇಗಾಗಿರಬೇಡ ನೀವೇ ಹೇಳಿ. ಇಲ್ಲದವಳು ಪರೀಕ್ಷೆಗೆ ಹೋಗಿದ್ದಳು. ಇರುವವಳು ಮತ್ತೆ ಸೀರೆ ಸುತ್ತಿಕೊಳ್ಳಬೇಕಾಗಿತ್ತು. ಅಜ್ಜಿ ಚೂಡಿದಾರದ ಮೇಲೆಯೇ ಸೀರೆ ಸುತ್ತಿ, ಕನ್ನಡಕ ಏರಿಸಿ, ನನ್ನನ್ನು ಹೊರಗೆ ತಳ್ಳಿದರು. ಹಾಲ್ ಟಿಕೆಟ್ ಕೈಯಲ್ಲೇ ಇತ್ತು. ಬೆಳ್ಳಮ್ಮ ಪಕ್ಕದಲ್ಲಿ ಕೂರಿಸಿಕೊಂಡು, ಗಲ್ಲ ಹಿಡಿದು ಕೇಳಿದರು. "ತಂಗಿ ಪರೀಕ್ಷೆಗೆ ಹೋದ್ಲಂತೆ. ನೀನ್ಯಾಕವ್ವ ಓಗ್ನಿಲ್ಲ? ನಿಂಗೆ ಓದು ಹತ್ತದಿಲ್ವಾ?"

ಗಡಿಯಾರ ಒಂಬತ್ತು ದಾಟಿತ್ತು. ಆ ಪ್ರಶ್ನೆಗೆ ಉತ್ತರ ಕೊಡಲು ಹೋಗಿ ನನಗೆ ಅಳು ಬಂದುಬಿಟ್ಟಿತು. "ನನಗೂ ಇತ್ತು ಅಜ್ಜಿ," ಎಂದೆ.

ರಘುನಂದನ್ ದೊಡ್ಡಪ್ಪ ಇಷ್ಟು ಹೊತ್ತು ಬಾಯಲ್ಲಿದ್ದ ಚಕ್ಕುಲಿ ಮುಗಿಸಿ, ಕಾದಿದ್ದ ಮಾತನ್ನು ಆಡಿದರು. "ಅಳ್ಬ್ಯಾಡ ಬುಡು ಮಗ. ಮಳವಳ್ಳಿಯೋಳ್ಗೆ ಸಿಕ್ಕಿದ್ದು ನಿಂಗೂ ಸಿಕ್ತದೆ."

"ಯಾವ ಮಳವಳ್ಳಿಯೋಳು?" ಎಂದರು ಮಹದೇವು.

"ನಾಗನ ಆ ಮನೆ ಮಗ್ಳು."

"ಯಾವ್ ಮನೆ? ಅವಳಿ ಅಂದ್ರಲ್ಲ!"

"ಅವಳೀನೇ. ಆದ್ರೆ ತಾಯಿ ಬ್ಯಾರೆ," ಎಂದು ದೇವೀರಮ್ಮ ಕಿಟಕಿಯಿಂದಲೇ ವಿವರಿಸಿದಳು.

ನಡುಮನೆ ಸಂತೆಯಾಯಿತು. ಬ್ಲಫ್‌ನ ನೆಂಟರೆಲ್ಲ ಒಟ್ಟಿಗೆ ಎದ್ದು ನಿಂತರು. ಅಜ್ಜಿ ಒಳಗಿನಿಂದ, "ನನ್ ಅಳಿಯ ಅಂಥೋನಲ್ಲ, ಬರೀ ದಡ್ಡ ಅಷ್ಟೇಯ!" ಎಂದು ಕೂಗುತ್ತಾ ಬಂದರು. ಅಮ್ಮ ಫ್ರಿಜ್ಜಿನ ಮೇಲಿದ್ದ ಎರಡು ಸ್ಮರಣಿಕೆಗಳನ್ನೂ ತಂದು ಅಪ್ಪನ ಮುಂದೆ ಟೀಪಾಯಿಯ ಮೇಲೆ ಕುಕ್ಕಿ ನಿಂತಳು. ಅಪ್ಪ ಒಮ್ಮೆ ಅವುಗಳನ್ನು ನೋಡಿದರು, ಒಮ್ಮೆ ರಘಣ್ಣನನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಸೀರೆಯ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದೆ, ಕೆಳಗೆ ಚೂಡಿದಾರದ ಕಾಲು ಕಾಣುತ್ತಿತ್ತು.

"ಸುಮ್ಕಿರ್ರಯ್ಯ ಒಸಿ!" ಎಂದು ಅಪ್ಪ ಕಿರುಚಿದರು. "ನಂಗೆ ಇನ್ನೊಂದ್ ಮನೆ ಇಲ್ಲ. ಇನ್ನೊಂದ್ ಮಗ್ಳು ಇಲ್ಲ. ಎರಡು ಫೋಟೊನೂ ಇವಳ್ದೇ. ಓದ್ತಿರೋದು ಒಂದೇ ಡಿಗ್ರಿ ಕಣ್ ರಘಣ್ಣ, ಅದ್ರಲ್ಲಿ ಎರಡು ಸಬ್ಜೆಕ್ಟು. ನಿನ್ ಮುಂದೆ ದೊಡ್ಡಸ್ತಿಕೆಗೆ ಎರಡು ಅಂದ್ಬುಟ್ಟೆ. ಚಂದನ ಅನ್ನೋಳು ಊದ್ಬತ್ತಿ!"

ಬೆಳ್ಳಮ್ಮ ಬೆರಳಲ್ಲಿ ಲೆಕ್ಕ ಹಾಕುತ್ತಾ ಕೇಳಿದರು. "ಅಂಗಾದ್ರೆ ಪರೀಕ್ಷೆಗೆ ಓಗಿರೋಳು ಯಾರಪ್ಪ?"

ಅಪ್ಪನ ದನಿ ಇಳಿಯಿತು. "ಯಾರೂ ಓಗಿಲ್ಲ ಕಣವ್ವ. ಓಗ್ಬೇಕಾದೋಳು ನಿಮ್ ಪಕ್ಕದಲ್ಲೇ ಕುಂತವ್ಳೆ."

ಬೆಳ್ಳಮ್ಮ ನನ್ನ ಕೈಯಲ್ಲಿ ಮುದ್ದೆಯಾಗಿದ್ದ ಹಾಲ್ ಟಿಕೆಟನ್ನು ಬಿಡಿಸಿ ಮೊಮ್ಮಗನ ಕೈಗೆ ಕೊಟ್ಟರು. "ಎಷ್ಟೊತ್ತಿಗ್ಲಾ ಇದು?"

"ಹತ್ತೂವರೆಗೆ ಗೇಟ್ ಕ್ಲೋಸು ಅಜ್ಜಿ."

"ಮತ್ತೆ ಏನ್ ಮಿಕಮಿಕ ನೋಡ್ತಾ ನಿಂತಿದ್ದೀರ್ಲಾ? ಇಬ್ರು ಅಂತ ಬಂದೋ, ಇಬ್ಬರಿಲ್ಲ. ಇರೋ ಒಬ್ಳ ಓದೂ ಹಾಳ್ ಮಾಡಿ ಓಗಾನಾ? ಎತ್ಲಾ ಗಾಡಿಯ!"

ಹೀಗೆ ನನ್ನನ್ನು ನೋಡಲು ಬಂದವರೇ ನನ್ನನ್ನು ಪರೀಕ್ಷೆಗೆ ಕರೆದುಕೊಂಡು ಹೊರಟರು. ಇಳಿಯುವವರು ಇಳಿಯಲಿ ಎಂದರೆ ಯಾರೂ ಇಳಿಯಲಿಲ್ಲ, ರಘುನಂದನ್ ದೊಡ್ಡಪ್ಪನೂ ಹತ್ತಿಕೊಂಡರು. ಕೊನೆಗೆ ಹೇಗಾಗುತ್ತದೆ ಎಂದು ನೋಡಬೇಕಂತೆ. ಮಂಡ್ಯದ ಸರ್ಕಲ್ಲಿನಲ್ಲಿ ನಾವಿಬ್ಬರೂ ಫ್ಲೆಕ್ಸಿನಲ್ಲಿ ನಗುತ್ತಿದ್ದೆವು. ನಾನು ಸೀಟಿನಲ್ಲಿ ಸೀರೆ ಬಿಚ್ಚಿ ಸುತ್ತುತ್ತಿದ್ದೆ. ಮಹದೇವು ಗಡಿಯಾರ ನೋಡುತ್ತಾ ಡ್ರೈವರನನ್ನು ಬೈಯುತ್ತಿದ್ದರು. ದೊಡ್ಡ ವರ ಮುಖ ಊದಿಸಿಕೊಂಡಿದ್ದ. ಚಿಕ್ಕವನು ಮಾತ್ರ ಹಿಂದೆ ತಿರುಗಿ, "ಫಿಸಿಕ್ಸ್ ಅಂದ್ರೆ ನಮ್ ಟರ್ಬೈನ್ ವಿಷಯಾನೂ ಬರ್ತದಾ?" ಎಂದು ಕೇಳಿದ. ಈ ಮೂರು ವರ್ಷದಲ್ಲಿ ನನ್ನ ಓದಿನ ಬಗ್ಗೆ ಯಾರಾದರೂ ಕೇಳಿದ ಮೊದಲ ನೆಟ್ಟಗಿನ ಪ್ರಶ್ನೆ ಅದು. "ಬರ್ತದೆ," ಎಂದೆ. ಬೆಳ್ಳಮ್ಮ ಅವನ ತಲೆಗೆ ಮೊಟಕಿ, "ಓದ್ಕಳ್ಳಿ ಬುಡ್ಲಾ," ಎಂದರು.

ಅಪ್ಪ ದಾರಿಯುದ್ದಕ್ಕೂ ಹಾಲ್ ಟಿಕೆಟನ್ನು ಮಂಡಿಯ ಮೇಲಿಟ್ಟು ಅದರ ಸುಕ್ಕು ನೀವುತ್ತಿದ್ದರು.

ಗೇಟು ಮುಚ್ಚಲು ಇನ್ನೇನು ಎರಡು ನಿಮಿಷ ಇದೆ ಎನ್ನುವಾಗ ಟಿಟಿ ಗಾಡಿ ಪರೀಕ್ಷಾ ಕೇಂದ್ರದ ಮುಂದೆ ನಿಂತಿತು. ಗಾಡಿಯಿಂದ ಒಬ್ಬರ ಹಿಂದೆ ಒಬ್ಬರು ಇಳಿಯುವುದನ್ನು ನೋಡಿ ಗೇಟಿನ ಸೆಕ್ಯೂರಿಟಿಯವನು ಗಾಬರಿಯಾದ. "ಏಯ್, ನಿಂತ್ಕೊಳ್ಳಿ! ಪರೀಕ್ಷೆ ಬರೆಯೋರು ಎಷ್ಟು ಜನ?"

ಅಪ್ಪ ಎಲ್ಲರನ್ನೂ ನೂಕಿಕೊಂಡು ಮುಂದೆ ಬಂದು ಒಂದು ಬೆರಳು ಎತ್ತಿದರು. ಹಿಂದಿನ ಬಸ್ಸಿನ ಹಾರನ್ನಿನಲ್ಲಿ ಅವರ ಮಾತು ಯಾರಿಗೂ ಕೇಳಲಿಲ್ಲ. "ಎಷ್ಟು ಜನ ರೀ, ಜೋರಾಗಿ ಹೇಳಿ!" ಎಂದು ಅವನು ಗದರಿದ.

"ಒಬ್ಳೇ ಸಾ!" ಎಂದು ಅಪ್ಪ ಬೀದಿಗೆಲ್ಲ ಕೇಳುವಂತೆ ಕೂಗಿದರು. ಅವರ ಕಣ್ಣಲ್ಲಿ ನೀರಿತ್ತು. "ನಂಗಿರೋದೇ ಒಬ್ಳು! ಒಳಿಕ್ಕೆ ಬುಡಿ ಸಾ!"

ನಾನು ಒಳಗೆ ಓಡಿದೆ.

ಸೀಟು ಸಿಕ್ಕಿತು. ಆ ದಿನ ಅಪ್ಪ ಡೇರಿಯಲ್ಲಿ ಎಲ್ಲರಿಗೂ ಮೈಸೂರು ಪಾಕು ಹಂಚಿದರು, ಬಾಯಿ ಬಿಟ್ಟು ಒಂದು ಮಾತೂ ಹೆಚ್ಚಿಗೆ ಆಡಲಿಲ್ಲ. ದೇವೀರಮ್ಮ ತನ್ನ ಪಾಲಿನದನ್ನು ಬಾಯಿಗೆ ಹಾಕಿಕೊಂಡು, ನನ್ನ ತಲೆ ಸವರಿ, ಇನ್ನೊಂದು ತುಂಡಿಗೆ ಕೈಯೊಡ್ಡಿದಳು. "ನಿಂಗೇನೋ ಸಿಕ್ತು ಕಣವ್ವ, ಸಂತೋಸ," ಎಂದಳು. "ಪಾಪ, ಆ ಮಳವಳ್ಳಿ ಮಗೀಗೆ ಸಿಗ್ನಿಲ್ವಾ?"